ಬೋರ್ಡಿನ ಮೇಲೆ ಕಂಪನಿ, ಸಾರವೆಯ ಮೇಲೆ ಮೇಸ್ತ್ರಿ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಏಳುತ್ತಿದೆ. ಮುಂದೆ ಆಳೆತ್ತರದ ಬೋರ್ಡು. ಅದರ ಮೇಲೆ ಕಟ್ಟಡ ಕಂಪನಿಯ ಹೆಸರು, ನಗುತ್ತಿರುವ ಗಂಡ ಹೆಂಡತಿ, ಇಬ್ಬರು ಮಕ್ಕಳ ಚಿತ್ರ. ಪಕ್ಕದ ಮನೆಯ ಹುಡುಗ ದ್ವಿತೀಯ ಪಿಯುಸಿ. ಕಾಂಕ್ರೀಟ್ ಮಿಕ್ಸರಿನ ಗಡಗಡ ಸದ್ದಿನಲ್ಲಿ ಕೆಮಿಸ್ಟ್ರಿ ತಲೆಗೆ ಹತ್ತದೆ, ಮಹಡಿಯಲ್ಲಿ ನಿಂತು ಕಟ್ಟಡ ನೋಡುವುದನ್ನೇ ಓದು ಮಾಡಿಕೊಂಡಿದ್ದಾನೆ. ಕಳೆದ ವಾರ ನನ್ನನ್ನು ತಡೆದು ಕೇಳಿದ: "ಅಂಕಲ್, ಪಾಯ ಅಗೆದವರು ಬೇರೆ, ಕಂಬಿ ಕಟ್ಟಿದವರು ಬೇರೆ, ಮೋಲ್ಡ್ ಹಾಕಿದವರು ಬೇರೆ. ಒಬ್ಬರೂ ಕಂಪನಿಯವರಲ್ವಂತೆ. ಹಾಗಾದ್ರೆ ಕಂಪನಿಯವರು ಬರೋದು ಯಾವಾಗ?"

ಕಂಪನಿಯವರು ಬರುತ್ತಿದ್ದರು. ದಿನಕ್ಕೊಮ್ಮೆ ಬೈಕಿನಲ್ಲಿ ಬಂದು, ಕಿವಿಗೆ ಫೋನು ಹಚ್ಚಿಕೊಂಡೇ ಎರಡು ಸುತ್ತು ಹಾಕಿ, ಮೇಸ್ತ್ರಿಯ ಜೊತೆ ಹತ್ತು ನಿಮಿಷ ವಾದ ಮಾಡಿ ಹೋಗುತ್ತಿದ್ದ ತರುಣ ಎಂಜಿನಿಯರೇ ಆ ಇಡೀ ಕಂಪನಿ. ಹೀಗೆಂದಾಗ ಹುಡುಗನಿಗೆ ನಿರಾಸೆಯಾಯಿತು. "ಇದು ಮೋಸ ಅಲ್ವಾ?" ಎಂದ. ಮೋಸವಲ್ಲ. ಆದರೆ ಅವನ ಪ್ರಶ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಮನೆ ಕಟ್ಟಿಸುವ ತಂದೆತಾಯಿಗಳಿಗೂ ನಾಳೆ ಸಿವಿಲ್ ಎಂಜಿನಿಯರಿಂಗೋ ಬಿ.ಕಾಂ.ಗೋ ಸೇರಲಿರುವ ಮಕ್ಕಳಿಗೂ ಇದು ಗೊತ್ತಿರಬೇಕಾದ ವಿಷಯ. ಇದನ್ನು ಚೆನ್ನಾಗಿ ನೋಡಲು ಜಪಾನಿಗೆ ಹೋಗಿ ಬರೋಣ. ಮನೆ ಕಟ್ಟುವುದನ್ನು ಕಾರ್ಖಾನೆಯ ಶಿಸ್ತಿನ ದೊಡ್ಡ ಉದ್ಯಮವಾಗಿಸಿದ ದೇಶ ಅದು. ಅಲ್ಲಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದು ಹೆಸರು ಮಾಡಿದ್ದಂತೂ ಓದುವ ಮಕ್ಕಳಿಗೆ ಒಂದು ಕೋಣೆ ಕಟ್ಟಿಕೊಟ್ಟು.

ಆ ಕಂಪನಿ ದೈವಾ ಹೌಸ್. ಸ್ಥಾಪಕ ನೊಬುಒ ಇಶಿಬಾಶಿ, ನಾರಾ ಪ್ರಾಂತದ ಯೊಶಿನೊ ಎಂಬ ಕಾಡು ಸೀಮೆಯವರು. ಮನೆತನದ ಕಸುಬು ಮರದ ವ್ಯಾಪಾರ. 1950ರ ಸೆಪ್ಟೆಂಬರಿನಲ್ಲಿ ಜೇನ್ ಎಂಬ ಚಂಡಮಾರುತ ಒಸಾಕಾ ಸೀಮೆಯನ್ನು ಜಜ್ಜಿಹಾಕಿತು. ಮರದ ಮನೆಗಳು ನೆಲಕಚ್ಚಿದ್ದವು, ಆದರೆ ಬತ್ತದ ಪೈರು ಮತ್ತು ಬಿದಿರು ಬಾಗಿ ಮತ್ತೆ ಎದ್ದು ನಿಂತಿದ್ದವು. ಎರಡೂ ಒಳಗೆ ಟೊಳ್ಳಾದ ದುಂಡನೆಯ ಕಾಂಡಗಳು. ಹಾಗಾದರೆ ಉಕ್ಕಿನ ಕೊಳವೆಯಿಂದಲೇ ಕಟ್ಟಡ ಕಟ್ಟಿದರೆ ಹೇಗೆ ಎಂದು ಇಶಿಬಾಶಿ ಯೋಚಿಸಿದರು. 1955ರಲ್ಲಿ ಕಂಪನಿ ಹುಟ್ಟಿತು. ಮೊದಲ ಸರಕು 'ಪೈಪ್ ಹೌಸ್'. ಹೆಸರಿನಲ್ಲಿ ಹೌಸ್ ಇದ್ದರೂ ಅದು ವಾಸದ ಮನೆಯಲ್ಲ, ಉಗ್ರಾಣ. ಈ ಉಗ್ರಾಣವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಕೆಲವು ವರ್ಷಗಳ ನಂತರ ಇಶಿಬಾಶಿ ಯೊಶಿನೊ ನದಿಯಲ್ಲಿ ಮೀನು ಹಿಡಿಯಲು ಹೋಗಿದ್ದರಂತೆ. ಸಂಜೆಗತ್ತಲಾದರೂ ಮಕ್ಕಳು ದಡ ಬಿಟ್ಟು ಕದಲುತ್ತಿಲ್ಲ. ಮನೆಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, ಹೋದರೂ ಇರಲು ಜಾಗವಿಲ್ಲ ಎಂದರು. ಯುದ್ಧ ಮುಗಿದ ಮೇಲೆ, 1947ರಿಂದ 1949ರ ಮೂರೇ ವರ್ಷಗಳಲ್ಲಿ ಜಪಾನಿನಲ್ಲಿ ಸುಮಾರು 80 ಲಕ್ಷ ಮಕ್ಕಳು ಹುಟ್ಟಿದ್ದರು. ಅವರೆಲ್ಲ ಶಾಲೆ ಕಲಿಯುವ ವಯಸ್ಸಿಗೆ ಬಂದಿದ್ದರು, ಮನೆಗಳು ಮಾತ್ರ ಹಿಗ್ಗಿರಲಿಲ್ಲ.

1959ರಲ್ಲಿ ದೈವಾ 'ಮಿಜೆಟ್ ಹೌಸ್' ಎಂಬ ಪುಟ್ಟ ಕೋಣೆಯನ್ನು ಮಾರಾಟಕ್ಕಿಟ್ಟಿತು. ನಾಲ್ಕೂವರೆ ಚಾಪೆಯ ಜಾಗ, ನಮ್ಮ ಲೆಕ್ಕದಲ್ಲಿ ಸುಮಾರು 80 ಚದರ ಅಡಿ. ಹಿತ್ತಿಲಲ್ಲಿ ಮೂರೇ ಗಂಟೆಯಲ್ಲಿ ಜೋಡಿಸಿ ನಿಲ್ಲಿಸಬಹುದಿತ್ತು. ಹತ್ತು ಚದರ ಮೀಟರಿಗಿಂತ ಚಿಕ್ಕದಾದ್ದರಿಂದ ಸಾಮಾನ್ಯವಾಗಿ ಕಟ್ಟಡ ಪರವಾನಗಿಯ ಅಲೆದಾಟವೂ ಇರಲಿಲ್ಲ. ಬೆಲೆ 1 ಲಕ್ಷ 10 ಸಾವಿರ ಯೆನ್‌ನ ಆಸುಪಾಸು. ಸೀರೆ, ಪಾತ್ರೆ ಮಾರುವಂತೆ ಇದನ್ನು ದೊಡ್ಡ ದೊಡ್ಡ ಮಳಿಗೆಗಳಲ್ಲಿ ಪ್ರದರ್ಶನಕ್ಕಿಟ್ಟರು. ಮಕ್ಕಳ ಓದಿಗೆಂದು ತಂದೆತಾಯಿಗಳು ಮುಗಿಬಿದ್ದರು. ನಮ್ಮಲ್ಲಿ ಪರೀಕ್ಷೆ ಹತ್ತಿರವಾದಾಗ ಟೀವಿಯ ವೈರು ಕಿತ್ತಿಡುವ ಅಪ್ಪಂದಿರಿಗೆ ಆ ಉತ್ಸಾಹ ಅರ್ಥವಾದೀತು. ಹೊಸದಾಗಿ ಮದುವೆಯಾದವರು ಬಂದು ಇದಕ್ಕೊಂದು ಅಡುಗೆಮನೆ, ಶೌಚಾಲಯ ಸೇರಿಸಿಕೊಡಿ ಎಂದರು. ಮರುವರ್ಷವೇ ಅದೂ ಬಂತು. ಜಪಾನಿನಲ್ಲಿ ಕಾರ್ಖಾನೆಯ ಭಾಗಗಳಿಂದ ಜೋಡಿಸುವ ಮನೆಗಳ ಉದ್ಯಮ ಬೆಳೆದದ್ದು ಈ ಓದುವ ಕೋಣೆಯಿಂದ ಎಂದು ಬಹಳ ಜನ ಹೇಳುತ್ತಾರೆ. ದೈವಾದ ಮುಖ್ಯ ಪ್ರತಿಸ್ಪರ್ಧಿ ಸೆಕಿಸುಯಿ ಹೌಸ್ ಶುರುವಾದದ್ದೂ 1960ರಲ್ಲೇ, ಪ್ಲಾಸ್ಟಿಕ್ ತಯಾರಿಸುವ ಕಂಪನಿಯೊಂದರ ಮಗುವಾಗಿ.

ಕೋಣೆಯನ್ನು ಮೂರು ಗಂಟೆಯಲ್ಲಿ ನಿಲ್ಲಿಸುವುದು ಒಂದು ಮಾತು, ಮನೆ ಕಟ್ಟುವುದು ಬೇರೆಯದೇ ಮಾತು. ಗೋಡೆಯ ಹಲಗೆ, ತೊಲೆ, ಕಿಟಕಿಗಳು ಕಾರ್ಖಾನೆಯಲ್ಲಿ ತಯಾರಾದಾವು. ಪಾಯ ಮಾತ್ರ ಆಯಾ ಮಣ್ಣಿನಲ್ಲೇ ಆಗಬೇಕು. ಮಾಡು ಹೊದಿಸಲು, ನೀರಿನ ಕೊಳವೆ ಎಳೆಯಲು, ವಿದ್ಯುತ್ ಕೆಲಸಕ್ಕೆ, ಒಳಗೋಡೆಗೆ ಕಾಗದ ಅಂಟಿಸಲು ಒಂದೊಂದಕ್ಕೂ ಒಬ್ಬೊಬ್ಬ ಕಸುಬುದಾರ ಬೇಕು. ಇವರನ್ನೆಲ್ಲ ಕಂಪನಿ ಸಂಬಳಕ್ಕೆ ಇಟ್ಟುಕೊಳ್ಳಬಾರದೇಕೆ?

ಲೆಕ್ಕ ಹಾಕಿ ನೋಡಿ. ಮಾಡು ಹೊದಿಸುವವನಿಗೆ ಒಂದು ಮನೆಯಲ್ಲಿ ಕೆಲವೇ ದಿನಗಳ ಕೆಲಸ. ಅವನು ವರ್ಷವಿಡೀ ಕೈಕಟ್ಟಿ ಕೂರದಿರಬೇಕಾದರೆ ಅದೇ ಊರಿನಲ್ಲಿ ವರ್ಷಕ್ಕೆ ಹತ್ತಾರು ಮನೆಗಳು, ಒಂದಾದ ಮೇಲೊಂದು, ಸರಿಯಾದ ಹೊತ್ತಿಗೆ ಮಾಡಿನ ಹಂತಕ್ಕೆ ಬರಬೇಕು. ಮಳೆ ಬಂದರೆ ಆ ಲೆಕ್ಕ ತಪ್ಪುತ್ತದೆ. ಬ್ಯಾಂಕಿನ ಬಡ್ಡಿ ಏರಿದರೆ ಮನೆ ಕೊಳ್ಳುವವರೇ ಕಡಿಮೆಯಾಗುತ್ತಾರೆ. ಕೆಲಸ ಇದ್ದಾಗ ಕರೆದು, ಮುಗಿದಾಗ ಬಿಡುವ ಒಳಗುತ್ತಿಗೆಯಲ್ಲಿ ಈ ಏರಿಳಿತದ ಹೊರೆ ಕಂಪನಿಯ ಹೆಗಲಿನಿಂದ ಮೇಸ್ತ್ರಿಯ ಹೆಗಲಿಗೆ ಹೋಗುತ್ತದೆ. ಒಳಗುತ್ತಿಗೆಯ ಮುಖ್ಯ ಗುಟ್ಟು ಇದೇ. ಉಳಿದ ಕಾರಣಗಳೆಲ್ಲ ಆಮೇಲಿನವು.

ಜಪಾನಿನಲ್ಲಿ ಮೇಸ್ತ್ರಿಗೆ 'ಒಯಕಾತಾ' ಎನ್ನುತ್ತಾರೆ. ಆಳುಗಳಿಲ್ಲದೆ ತಾನೊಬ್ಬನೇ ದುಡಿಯುವವನು 'ಹಿತೋರಿ ಒಯಕಾತಾ', ಅಂದರೆ ಒಂಟಿ ಮೇಸ್ತ್ರಿ. ನಮ್ಮಲ್ಲಿ ಚದರಕ್ಕೆ ಇಷ್ಟು ಎಂದು ಕೂಲಿ ಮಾತಾಡುವಂತೆ ಅಲ್ಲಿನ ಬಡಗಿ 'ತ್ಸುಬೊ'ಗೆ ಇಷ್ಟು ಎಂದು ಒಪ್ಪಿಕೊಳ್ಳುತ್ತಾನೆ. ಒಂದು ತ್ಸುಬೊ ಎಂದರೆ ಸುಮಾರು 36 ಚದರ ಅಡಿ. ಒಂಟಿ ಮೇಸ್ತ್ರಿ ಕಾನೂನಿನ ಕಣ್ಣಿಗೆ ನೌಕರನಲ್ಲ, ಸ್ವತಂತ್ರ ವ್ಯಾಪಾರಿ. ಬೆಳಗ್ಗೆ ಎಂಟಕ್ಕೆ ಕಂಪನಿ ಹೇಳಿದ ಜಾಗಕ್ಕೆ ಹೋಗಿ, ಕಂಪನಿ ಕಳಿಸಿದ ಸಾಮಾನು ಜೋಡಿಸಿ, ಕಂಪನಿಯ ಕೈಪಿಡಿಯಂತೆ ಕೆಲಸ ಮಾಡಿದರೂ ಸಾರವೆಯಿಂದ ಬಿದ್ದರೆ ಕಾರ್ಮಿಕರ ಅಪಘಾತ ವಿಮೆ ಅವನಿಗೆ ತಾನಾಗಿ ಸಿಗುವುದಿಲ್ಲ. ತಾನೇ ಹಣ ಕಟ್ಟಿ ವಿಶೇಷವಾಗಿ ಸೇರಿಕೊಂಡಿರಬೇಕು. ಸ್ವಾತಂತ್ರ್ಯಕ್ಕೆ ತೆರುವ ಬೆಲೆ ಎನ್ನುವವರಿದ್ದಾರೆ. ನನಗೆ ಹಾಗೆ ಸಲೀಸಾಗಿ ಹೇಳಲು ಮನಸ್ಸು ಬರುವುದಿಲ್ಲ.

ಹಾಗೆಂದು ದೊಡ್ಡ ಕಂಪನಿಗಳು ಸಿಕ್ಕಸಿಕ್ಕವರನ್ನು ಕರೆದು ಕೆಲಸ ಕೊಟ್ಟವು ಎಂದಲ್ಲ. ಸೆಕಿಸುಯಿ ಹೌಸ್ ಮೊದಮೊದಲು ಮನೆ ಮಾರುವುದನ್ನೂ ಕಟ್ಟುವುದನ್ನೂ ಏಜೆಂಟರಿಗೆ ಬಿಟ್ಟಿತ್ತು. ಅದು ಸರಿಬರಲಿಲ್ಲ. 1960ರ ದಶಕದಲ್ಲೇ ಮಾರಾಟವನ್ನೂ ಕಟ್ಟುವ ಹೊಣೆಯನ್ನೂ ತನ್ನ ಕೈಗೆ ತೆಗೆದುಕೊಂಡಿತು. ಕೆಲಸವನ್ನು ತನ್ನದೇ ಅಂಗಸಂಸ್ಥೆಗಳು ಮತ್ತು ವರ್ಷಗಟ್ಟಲೆ ತನಗಾಗಿಯೇ ದುಡಿಯುವ ಸಣ್ಣ ಗುತ್ತಿಗೆದಾರರ ನಡುವೆ ಹಂಚಿತು. ಆ ಗುತ್ತಿಗೆದಾರರೆಲ್ಲ ಕಂಪನಿಯ ಹೆಸರಿನದೇ ಒಂದು ಸಂಘದ ಸದಸ್ಯರು. ಸುರಕ್ಷತೆಯ ಪಾಠ, ಹೊಸ ವಿಧಾನಗಳ ತರಬೇತಿ, ಅಹವಾಲು ಎಲ್ಲ ಅಲ್ಲೇ. ಕಂಪನಿಗೆ ಪಳಗಿದ ಕೈಗಳು, ಮೇಸ್ತ್ರಿಗೆ ತಪ್ಪದೆ ಬರುವ ಕೆಲಸ. ಮದುವೆಯಲ್ಲ, ಆದರೆ ಮದುವೆಯ ಹಾಗೆಯೇ. ಬಿಡುವುದು ಇಬ್ಬರಿಗೂ ಕಷ್ಟ, ಆದರೆ ಬಿಟ್ಟರೆ ಹೆಚ್ಚು ಕಷ್ಟಪಡುವವನು ಮೇಸ್ತ್ರಿ.

ಈ ಸರಪಳಿಗೆ ಒಂದು ಕಾಯಿಲೆ ಉಂಟು. ಒಪ್ಪಿಕೊಂಡ ಕೆಲಸವನ್ನು ಒಬ್ಬ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸಿ, ದಾಟಿಸಿದ್ದಕ್ಕೇ ಕಮಿಷನ್ ಹೊಡೆಯುವುದು. ಜಪಾನಿಗರು ಇದಕ್ಕೆ 'ಮರುನಾಗೆ' ಎನ್ನುತ್ತಾರೆ. ಇಡಿಯಾಗಿ ಎಸೆದುಬಿಡುವುದು ಎಂದರ್ಥ. ಅಲ್ಲಿನ 1949ರ ನಿರ್ಮಾಣ ಉದ್ಯಮ ಕಾಯಿದೆಯಲ್ಲಿ ಇದಕ್ಕೆ ನಿಷೇಧವಿದೆ. ಭಾಗಭಾಗವಾಗಿ ಕೊಡಬಹುದು, ಆದರೆ ಯೋಜನೆ, ಮೇಲ್ವಿಚಾರಣೆ, ಗುಣಮಟ್ಟದ ಹೊಣೆ ಒಪ್ಪಿಕೊಂಡವನ ಕೈಯಲ್ಲೇ ಇರಬೇಕು. ಮನೆ ಕೊಳ್ಳುವವನಿಗೆ ಇನ್ನೂ ಗಟ್ಟಿಯಾದ ಆಸರೆ 2000ದಲ್ಲಿ ಜಾರಿಗೆ ಬಂದ ಕಾಯಿದೆ. ಹೊಸ ಮನೆಯ ಆಧಾರಭಾಗಗಳಲ್ಲಿ ದೋಷ ಕಂಡರೆ ಅಥವಾ ಮಳೆನೀರು ಒಳಬಂದರೆ ಹತ್ತು ವರ್ಷದವರೆಗೆ ಕಟ್ಟಿಕೊಟ್ಟ ಕಂಪನಿಯೇ ಹೊಣೆ. ಪ್ಲಂಬರ್ ತಪ್ಪು, ಬಡಗಿ ತಪ್ಪು ಎಂದು ಬೆರಳು ತೋರಿಸುವಂತಿಲ್ಲ. 2005ರಲ್ಲಿ ಭೂಕಂಪ ತಡೆಯುವ ಲೆಕ್ಕಾಚಾರವನ್ನೇ ಸುಳ್ಳಾಗಿ ಬರೆದ ವಾಸ್ತುಶಿಲ್ಪಿಯೊಬ್ಬನ ಪ್ರಕರಣ ಬಯಲಾಯಿತು. ಕಾನೂನಿನಲ್ಲಿ ಹೊಣೆ ಇದ್ದರೂ ಕಂಪನಿಯೇ ದಿವಾಳಿಯಾದರೆ ಜನ ಯಾರನ್ನು ಹಿಡಿಯಬೇಕು ಎಂಬ ಪ್ರಶ್ನೆ ಎದ್ದಿತು. 2009ರಿಂದ ಹೊಸ ಮನೆ ಕಟ್ಟಿಕೊಡುವವರು ಅದಕ್ಕಾಗಿ ಠೇವಣಿ ಇಡಬೇಕು ಇಲ್ಲವೇ ವಿಮೆ ಮಾಡಿಸಬೇಕು. ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಕಂಪನಿ ಗಾರೆ ಕಲಸುವುದಿಲ್ಲ, ಗೋಡೆ ಬಿರುಕು ಬಿಟ್ಟಾಗ ಬಾಗಿಲು ತೆಗೆಯಬೇಕಾದವರು ಮಾತ್ರ ಅವರೇ.

ಇನ್ನರ್ಧ ಉತ್ತರ, ಕಂಪನಿ ತನ್ನ ಬಳಿ ಇಟ್ಟುಕೊಂಡದ್ದು ಏನು ಎಂಬುದರಲ್ಲಿದೆ. ಸುತ್ತಿಗೆ ಬಿಟ್ಟುಕೊಟ್ಟಿತು. ನಕ್ಷೆ, ಕಾರ್ಖಾನೆ, ದಿನಾಂಕಗಳ ಪಟ್ಟಿ, ಗಿರಾಕಿಯ ವಿಳಾಸ, ಯಾವ ಊರಿನಲ್ಲಿ ಯಾರ ಜಮೀನು ಖಾಲಿ ಬಿದ್ದಿದೆ ಎಂಬ ಮಾಹಿತಿ, ಇವನ್ನು ಬಿಡಲಿಲ್ಲ. ಕಂಪನಿಗಳು ಬೇರೆ ಬೇರೆ ವ್ಯಾಪಾರಗಳಿಗೆ ಕಾಲಿಟ್ಟದ್ದು ಈ ಬಂಡವಾಳದ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ಹೆದ್ದಾರಿ ಬದಿಯ ರೈತನೊಬ್ಬ ಮನೆ ಕಟ್ಟಿಸಲು ಬರುತ್ತಾನೆ ಎನ್ನಿ. ಮಾತಿನ ನಡುವೆ ಅವನಿಗೆ ರಸ್ತೆಗೆ ತಾಗಿದ ಇನ್ನೊಂದು ತುಂಡು ನೆಲವಿದೆ, ಮಾರಲು ಇಷ್ಟವಿಲ್ಲ ಎಂದು ಕಂಪನಿಗೆ ತಿಳಿಯುತ್ತದೆ. ಇತ್ತ ಹೋಟೆಲೋ ಅಂಗಡಿಯೋ ನಡೆಸುವ ದೊಡ್ಡ ಸಂಸ್ಥೆಯೊಂದು ಅದೇ ರಸ್ತೆಯಲ್ಲಿ ಜಾಗ ಹುಡುಕುತ್ತಿರುತ್ತದೆ. ಇಬ್ಬರನ್ನೂ ಕೂಡಿಸಿ, ರೈತನ ನೆಲದಲ್ಲಿ ಅಂಗಡಿ ಕಟ್ಟಿಸಿ, ಬಾಡಿಗೆ ಕರಾರು ಮಾಡಿಸುವುದನ್ನು ದೈವಾ 1970ರ ದಶಕದಿಂದ ಒಂದು ವ್ಯವಸ್ಥಿತ ವ್ಯಾಪಾರವಾಗಿ ಬೆಳೆಸಿತು. ರೈತನಿಗೆ ಬಾಡಿಗೆ, ಅಂಗಡಿಗೆ ಜಾಗ, ದೈವಾಕ್ಕೆ ಕಟ್ಟಡದ ಕೆಲಸ. ನಮ್ಮೂರಿನ ಮದುವೆ ದಲ್ಲಾಳಿಗಳು ಇದನ್ನು ಕೇಳಿದರೆ ತಲೆದೂಗಿಯಾರು.

ಮುಂದಿನದು ಹೆಚ್ಚು ಹೇಳುವಂಥದ್ದಲ್ಲ, ಒಂದು ಇನ್ನೊಂದಕ್ಕೆ ದಾರಿ ಮಾಡಿತು. ಮನೆ ಸಾಮಾನಿನ ದೊಡ್ಡ ಅಂಗಡಿಗಳು, ಹೋಟೆಲುಗಳು, ಮುದುಕರ ಆರೈಕೆಯ ಕಟ್ಟಡಗಳು ಬಂದವು. 2013ರಲ್ಲಿ ಫುಜಿತಾ ಎಂಬ ದೊಡ್ಡ ನಿರ್ಮಾಣ ಕಂಪನಿಯನ್ನೇ ದೈವಾ ತನ್ನದಾಗಿಸಿಕೊಂಡಿತು. ಅಂತರ್ಜಾಲದಲ್ಲಿ ಸಾಮಾನು ಕೊಳ್ಳುವುದು ಹೆಚ್ಚಿದಂತೆ ಸರಕು ಇಡುವ ಭಾರಿ ಉಗ್ರಾಣಗಳಿಗೆ ಬೇಡಿಕೆ ಬಂತು. ಉಗ್ರಾಣ ಕಟ್ಟಿಯೇ ಹುಟ್ಟಿದ್ದ ಕಂಪನಿ ಅರವತ್ತು ವರ್ಷಗಳ ನಂತರ ಮತ್ತೆ ಉಗ್ರಾಣದಲ್ಲಿ ಹಣ ಮಾಡತೊಡಗಿತು! ಈಚೆಗೆ ದೈವಾ ಬಳಗದ ವಾರ್ಷಿಕ ವಹಿವಾಟು 5 ಲಕ್ಷ ಕೋಟಿ ಯೆನ್ ಮೀರಿದೆ. ಅದರಲ್ಲಿ ಒಂಟಿ ಮನೆಗಳ ಪಾಲು ಸುಮಾರು ಐದರಲ್ಲಿ ಒಂದು, ಅದರಲ್ಲೂ ದೊಡ್ಡ ಭಾಗ ಅಮೆರಿಕದ್ದು.

ಅಮೆರಿಕ ಯಾಕೆ ಬಂತು? ನದೀತೀರದ ಆ ಮಕ್ಕಳ ಮೊಮ್ಮಕ್ಕಳ ಸಂಖ್ಯೆ ತೀರಾ ಕಡಿಮೆ. 1973ರಲ್ಲಿ ಜಪಾನಿನಲ್ಲಿ ಒಂದೇ ವರ್ಷ ಸುಮಾರು 19 ಲಕ್ಷ ಹೊಸ ಮನೆಗಳ ಕೆಲಸ ಶುರುವಾಗಿತ್ತು. 2024ರಲ್ಲಿ 8 ಲಕ್ಷವೂ ಇರಲಿಲ್ಲ. ತವರಿನಲ್ಲಿ ಗಿರಾಕಿ ಇಲ್ಲದ ಮೇಲೆ ಕಡಲು ದಾಟಲೇಬೇಕು. 2024ರಲ್ಲಿ ಸೆಕಿಸುಯಿ ಹೌಸ್ ಸುಮಾರು 490 ಕೋಟಿ ಡಾಲರ್ ಕೊಟ್ಟು ಎಂ.ಡಿ.ಸಿ. ಹೋಲ್ಡಿಂಗ್ಸ್ ಎಂಬ ಅಮೆರಿಕನ್ ಮನೆ ಕಂಪನಿಯನ್ನು ಕೊಂಡಿತು. ಹಾಗೆಂದು ದಾರಿ ಒಂದೇ ಕಡೆಗಲ್ಲ. ಕಾರು ಮಾಡುವ ಟೊಯೋಟಾ 1975ರಲ್ಲೇ ಮನೆ ವ್ಯಾಪಾರಕ್ಕೆ ಇಳಿದಿತ್ತು. 2020ರಲ್ಲಿ ಅದೂ ಪ್ಯಾನಸೋನಿಕ್ಕೂ ತಮ್ಮ ಮನೆ ವ್ಯಾಪಾರಗಳನ್ನು ಒಂದುಗೂಡಿಸಿದವು.

ಬೆಳವಣಿಗೆಯ ಕಥೆಗಳನ್ನು ಹೇಳುವಾಗ ಬಿದ್ದವರ ಕಥೆ ಬಿಟ್ಟುಬಿಡುವುದು ನಮ್ಮಂಥ ಅಂಕಣಕಾರರ ಚಾಳಿ. ಈ ಬಾರಿ ಬಿಡುವುದಿಲ್ಲ. ಜಪಾನಿನಲ್ಲಿ ಖಾಲಿ ನೆಲದ ಮೇಲೆ ಬಾಡಿಗೆ ಮನೆ ಕಟ್ಟಿದರೆ ಪಿತ್ರಾರ್ಜಿತ ಆಸ್ತಿಯ ತೆರಿಗೆಗೆ ಆ ನೆಲದ ಬೆಲೆಯನ್ನು ಕಡಿಮೆ ಹಿಡಿಯುತ್ತಾರೆ. ಇದನ್ನು ತೋರಿಸಿ ಕಂಪನಿಗಳು ನೆಲವಿರುವ ಮುದುಕರ ಬಳಿ ಹೋದವು. ಸಾಲ ಮಾಡಿ ಕಟ್ಟಡ ಕಟ್ಟಿಸಿ, ಇಡೀ ಕಟ್ಟಡವನ್ನು ನಾವೇ ಬಾಡಿಗೆಗೆ ಹಿಡಿದು ತಿಂಗಳು ತಿಂಗಳು ಹಣ ಕೊಡುತ್ತೇವೆ ಎಂದವು. ಬಾಡಿಗೆ ಬದಲಾಗುವುದೇ ಇಲ್ಲ ಎಂದು ನಂಬಿ ಸಾಲ ಮಾಡಿದವರಲ್ಲಿ ಎಷ್ಟೋ ಜನ, ಕೆಲವು ವರ್ಷಗಳ ನಂತರ ಬಾಡಿಗೆ ಇಳಿಸಿದಾಗ ಕಂಗೆಟ್ಟರು. ಇಂಥ ಉತ್ಪ್ರೇಕ್ಷೆಯ ಮಾತುಗಳಿಗೆ ಸರ್ಕಾರ 2020ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು. ಈ ವ್ಯಾಪಾರದಲ್ಲಿ ಭಾರಿಯಾಗಿ ಬೆಳೆದಿದ್ದ ಲಿಯೊಪ್ಯಾಲೆಸ್21 ಕಂಪನಿಯ ಕಟ್ಟಡಗಳಲ್ಲಿ, ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹಬ್ಬದಂತೆ ಮಾಡಿನ ಕೆಳಗೆ ಇರಬೇಕಾದ ಅಡ್ಡಗೋಡೆಗಳೇ ಇಲ್ಲದಿರುವುದು 2018ರಲ್ಲಿ ಹೊರಬಿತ್ತು. ಹೊರಗಿನವರ ತನಿಖಾ ಸಮಿತಿ 2019ರಲ್ಲಿ ಕೊಟ್ಟ ವರದಿ, ಬೇಗ ಬೇಗ ಕಟ್ಟಬೇಕೆಂಬ ಆತುರವನ್ನು ಎತ್ತಿ ತೋರಿಸಿತು. ಹೊಸ ವ್ಯಾಪಾರದ ಹಸಿವು ಹೆಚ್ಚಾದಾಗ ಮೊದಲು ಸವೆಯುವುದು ಅಟ್ಟದ ಕತ್ತಲಲ್ಲಿರುವ, ಯಾರೂ ಹತ್ತಿ ನೋಡದ ಭಾಗ.

ಅದಕ್ಕಿಂತ ನಿಧಾನವಾದ ಇನ್ನೊಂದು ಸವೆತ ಇದೆ. 1980ರ ಜನಗಣತಿಯಲ್ಲಿ ಜಪಾನಿನ ಬಡಗಿಗಳು ಸುಮಾರು 9 ಲಕ್ಷ 40 ಸಾವಿರ. 2020ರಲ್ಲಿ ಸುಮಾರು 3 ಲಕ್ಷ. ಅವರಲ್ಲಿ ಹತ್ತಕ್ಕೆ ನಾಲ್ವರು ಅರವತ್ತು ದಾಟಿದವರು. ಹಿಂದೆ ಹುಡುಗ ಒಯಕಾತಾನ ಮನೆಯಲ್ಲೇ ಉಂಡು ಮಲಗಿ, ಬೈಸಿಕೊಂಡು, ವರ್ಷಗಟ್ಟಲೆ ಕಲಿಯುತ್ತಿದ್ದ. ಈಗ ತೊಲೆ ಕಂಬಗಳ ಸಂದುಗಳನ್ನು ಯಂತ್ರ ಕೊರೆದು ಕಳಿಸುತ್ತದೆ. ಮರದ ಮೇಲೆ ಮಸಿದಾರ ಹೊಡೆದು ಗುರುತು ಹಾಕುವ ವಿದ್ಯೆ ಬೇಕಾಗುವುದು ಅಪರೂಪ. ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಂಡ ಮೇಸ್ತ್ರಿಗೆ ಶಿಷ್ಯನಿಗೆ ಕಲಿಸಲು ಕಳೆದ ಪ್ರತಿ ಗಂಟೆಯೂ ನಷ್ಟ. ಒಳಗುತ್ತಿಗೆಯ ಲೆಕ್ಕದಲ್ಲಿ ಕಾಂಕ್ರೀಟಿಗೆ, ಮೊಳೆಗೆ, ಸಾರವೆಗೆ ಎಲ್ಲಕ್ಕೂ ಕಾಲಂ ಇದೆ. ಕಲಿಸುವುದಕ್ಕೆ ಇರಲಿಲ್ಲ.

ಇದನ್ನು ಮೊದಲೇ ಕಂಡ ಸೆಕಿಸುಯಿ ಹೌಸ್ 1980ರ ದಶಕದಿಂದ ಮನೆ ಜೋಡಿಸುವವರಿಗಾಗಿ ತನ್ನದೇ ತರಬೇತಿ ಶಾಲೆಗಳನ್ನು ನಡೆಸುತ್ತಿದೆ. ಈಚಿನ ವರ್ಷಗಳಲ್ಲಂತೂ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ತಿಂಗಳ ಸಂಬಳದ ಮೇಲೆ, ರಜೆ, ಬಡ್ತಿ ಎಲ್ಲ ಕೊಟ್ಟು ಸುತ್ತಿಗೆ ಹಿಡಿಯುವ ಕೆಲಸಕ್ಕೆ ಹೆಚ್ಚು ಹೆಚ್ಚಾಗಿ ಸೇರಿಸಿಕೊಳ್ಳುತ್ತಿದೆ. ಹೊರಗೆ ಕಳಿಸಿದ್ದ ಕಸುಬನ್ನು ಕಂಪನಿ ಮತ್ತೆ ಒಳಗೆ ಕರೆದುಕೊಳ್ಳುತ್ತಿದೆ. ಕರೆದರೆ ಎಲ್ಲರೂ ಬರುತ್ತಾರೆಂದೇನೂ ಇಲ್ಲ.

ಪಿಯುಸಿ ಮುಗಿಸುವವರಿಗೆ ಒಂದೆರಡು ಮಾತು. ಇಂಥ ಕಂಪನಿಯಲ್ಲಿ ಸಿವಿಲ್ ಓದಿದವರಿಗೆ ಸಿಗುವುದು ಬಹುಮಟ್ಟಿಗೆ ಆ ಬೈಕಿನ ಎಂಜಿನಿಯರನ ಕೆಲಸ. ಪಾಠದಲ್ಲಿ ಕಲಿತ ತೊಲೆಯ ಲೆಕ್ಕಕ್ಕಿಂತ ನಾಳೆ ಟೈಲ್ಸಿನವರು ಬರುವ ಮುಂಚೆ ಪ್ಲಂಬರ್ ಮುಗಿಸಿರುತ್ತಾನೆಯೇ ಎಂಬ ಲೆಕ್ಕ ಅಲ್ಲಿ ಹೆಚ್ಚು. ರಸಮಟ್ಟ ಇಟ್ಟು ನೋಡಿ ಗೋಡೆ ವಾಲಿದೆ ಎಂದು ಅಪ್ಪನ ವಯಸ್ಸಿನ ಮೇಸ್ತ್ರಿಗೆ, ಅವನ ಮರ್ಯಾದೆ ಕೆಡದಂತೆ ಹೇಳಲು ಬರಬೇಕು. ಅದಕ್ಕೆ ಸಿಲಬಸ್ ಇಲ್ಲ. ವಾಣಿಜ್ಯ ಓದಿದವರಿಗೆ ಅಂದಾಜುಪಟ್ಟಿ, ಬಿಲ್ಲು, ಕರಾರುಗಳ ಕೆಲಸವಿದೆ. ಮೇಸ್ತ್ರಿಯ ಬಿಲ್ಲನ್ನು ಎಷ್ಟು ದಿನ ಮೇಜಿನ ಮೇಲೆ ಕೂರಿಸಬೇಕು ಎಂಬ ಅಧಿಕಾರ ಸಿಗುವುದೂ ಅಲ್ಲೇ.

ಮೊನ್ನೆ ಹುಡುಗನನ್ನು ಆ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದೆ. ಮೇಸ್ತ್ರಿ ಚಹಾ ತರಿಸಿದ. ಮೂವತ್ತು ವರ್ಷದಿಂದ ಇದೇ ಕೆಲಸವಂತೆ. ಹುಡುಗ ಕೇಳಿದ: "ನಿಮ್ಮ ಮಗಾನೂ ಇದೇ ಕೆಲಸಕ್ಕೆ ಬರ್ತಾರಾ?"

"ಅವ್ನು ಬಿ.ಕಾಂ. ಓದ್ತಾವ್ನೆ ಕಣಪ್ಪ. ಈ ಕಡೆ ತಲೆ ಹಾಕ್ಬೇಡ ಅಂತ ನಾನೇ ಹೇಳಿವ್ನಿ" ಎಂದ ಮೇಸ್ತ್ರಿ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಈ ಕಂಪ್ನೀಲಿ ಆಫೀಸ್ ಕೆಲ್ಸ ಖಾಲಿ ಇದ್ರೆ ಸ್ವಲ್ಪ ಹೇಳ್ತೀರಾ?" ಎಂದು ಕೇಳಿದ. ಮೇಲೆ ಸಾರವೆಯಲ್ಲಿ, ರಾಯಚೂರಿನ ಕಡೆಯಿಂದ ಬಂದ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ತೂಗುಗುಂಡು ಇಳಿಬಿಟ್ಟು ದಾರ ನಿಲ್ಲುವುದನ್ನೇ ಕಾಯುತ್ತಿದ್ದ. ಮೇಸ್ತ್ರಿ ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು, "ಲೇ, ದಾರ ಮುಟ್ಬ್ಯಾಡ, ತಾನಾಗೇ ನಿಂತ್ಕೊಳ್ಲಿ" ಎನ್ನುತ್ತ ಮೇಲೆ ಹತ್ತಿದ.